ಏನು ಕುಡಿದಿದ್ದಾರೆ? – ವಿಷ ಮಾಹಿತಿ ಕೇಂದ್ರದ ಕೆಲಸ

ವಿಷ ಸೇವಿಸಿದವರನ್ನು ಆಸ್ಪತ್ರೆಗೆ ಕರೆತಂದಾಗ ವೈದ್ಯರು ಕೇಳುವ ಮೊದಲ ಪ್ರಶ್ನೆ ‘ಏನು ಕುಡಿದಿದ್ದಾರೆ?’ ಎಂಬುದು. ಜೊತೆಗೆ ಬಂದವರ ಉತ್ತರ ಅನೇಕ ಸಲ ಒಂದೇ ಪದದಲ್ಲಿ ಮುಗಿದುಹೋಗುತ್ತದೆ: ‘ಎಣ್ಣೆ’ ಅಥವಾ ‘ಔಷಧಿ’. ನಮ್ಮ ಹಳ್ಳಿಗಳಲ್ಲಿ ಹೊಲಕ್ಕೆ ಹೊಡೆಯುವ ಕೀಟನಾಶಕಕ್ಕೆ ಬಳಕೆಯಲ್ಲಿರುವ ಹೆಸರುಗಳೇ ಇವು. ಹತ್ತಿಗೆ ಹೊಡೆಯುವುದೂ ಎಣ್ಣೆ, ತೊಗರಿಗೆ ಹೊಡೆಯುವುದೂ ಎಣ್ಣೆ, ಕಳೆ ಸಾಯಲೆಂದು ಸಿಂಪಡಿಸುವುದೂ ಔಷಧಿ. ಹೊಲದಲ್ಲಿ ಈ ಮಾತಿನಿಂದ ಯಾರಿಗೂ ತೊಂದರೆಯಿಲ್ಲ. ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದಲ್ಲಿ ಮಾತ್ರ ಇದು ಬೆಲೆಬಾಳುವ ಹೊತ್ತನ್ನು ತಿಂದುಹಾಕುತ್ತದೆ.

ಏಕೆಂದರೆ ಒಂದೊಂದು ವಿಷದ ದಾರಿ ಒಂದೊಂದು. ಆರ್ಗನೊಫಾಸ್ಫೇಟ್ ಗುಂಪಿನ ಕೀಟನಾಶಕಗಳು ನರಗಳ ಮೇಲೆ ದಾಳಿ ಮಾಡುತ್ತವೆ. ಬಾಯಲ್ಲಿ ಜೊಲ್ಲು ಸುರಿಯುತ್ತದೆ, ಮೈ ಬೆವರುತ್ತದೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕಿರಿದಾಗುತ್ತದೆ, ಎದೆಯಲ್ಲಿ ನೀರು ತುಂಬಿದಂತಾಗಿ ಉಸಿರು ಕಟ್ಟುತ್ತದೆ. ಇದಕ್ಕೆ ಅಟ್ರೋಪಿನ್ ಚುಚ್ಚುಮದ್ದು ಬೇಕು, ಅದೂ ಮತ್ತೆ ಮತ್ತೆ. ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕವಾದರೆ ಆ ಚಿಕಿತ್ಸೆಯೇ ಬೇರೆ. ಪ್ಯಾರಾಕ್ವಾಟ್ ಎಂಬ ಕಳೆನಾಶಕದ ಸ್ವಭಾವವಂತೂ ವಿಚಿತ್ರ. ಅದು ದೇಹ ಸೇರಿದಾಗ ಅಗತ್ಯವಿಲ್ಲದೆ ಆಮ್ಲಜನಕ ಕೊಟ್ಟರೆ ಶ್ವಾಸಕೋಶದ ಹಾನಿ ಇನ್ನೂ ಹೆಚ್ಚುತ್ತದೆ. ಇನ್ನೊಬ್ಬ ರೋಗಿಗೆ ಪ್ರಾಣ ಉಳಿಸುವ ಆಮ್ಲಜನಕ ಇಲ್ಲಿ ಯೋಚಿಸಿ ಕೊಡಬೇಕಾದ ವಸ್ತುವಾಗುತ್ತದೆ. ‘ಎಣ್ಣೆ’ ಎಂಬ ಒಂದು ಮಾತಿನಿಂದ ಇದನ್ನೆಲ್ಲ ನಿರ್ಧರಿಸುವುದು ಹೇಗೆ?

ಇಲಿ ಪಾಷಾಣದ ವಿಷಯವನ್ನೇ ತೆಗೆದುಕೊಳ್ಳಿ. ಅಂಗಡಿಯಲ್ಲಿ ಆ ಹೆಸರಿನಲ್ಲಿ ಸಿಗುವುದು ಒಂದೇ ವಸ್ತುವಲ್ಲ. ಬಿಸ್ಕತ್ತಿನ ಹಾಗೆ ಬಿಲ್ಲೆ ಮಾಡಿ ಮಾರುವ ಕೆಲವು ಬಗೆಗಳು ರಕ್ತ ಹೆಪ್ಪುಗಟ್ಟದಂತೆ ಮಾಡುತ್ತವೆ. ಅದರ ಪರಿಣಾಮ ಕಾಣಿಸಿಕೊಳ್ಳಲು ಒಂದೆರಡು ದಿನ ಬೇಕು, ಮತ್ತು ಅದಕ್ಕೆ ‘ಕೆ’ ಜೀವಸತ್ವದ ಚಿಕಿತ್ಸೆ ಇದೆ. ಕಪ್ಪು ಪುಡಿಯ ಬಗೆ ಮತ್ತು ಮಾತ್ರೆಯ ಬಗೆ ಹೊಟ್ಟೆಯೊಳಗೆ ವಿಷಾನಿಲವಾಗಿ ಹೃದಯವನ್ನು ಹಿಡಿಯುತ್ತವೆ. ಇಲ್ಲಿ ಪ್ರತಿ ನಿಮಿಷವೂ ಲೆಕ್ಕಕ್ಕೆ ಬರುತ್ತದೆ. ಕೊಳವೆಯಲ್ಲಿ ಸಿಗುವ ಹಳದಿ ರಂಜಕದ ಪೇಸ್ಟ್ ಇದೆಯಲ್ಲ, ಅದು ಮೋಸಗಾರ. ಮೊದಲ ದಿನ ಒಂದಿಷ್ಟು ವಾಂತಿ, ಹೊಟ್ಟೆನೋವು. ಆಮೇಲೆ ರೋಗಿ ಎದ್ದು ಕುಳಿತು ಕಾಫಿ ಕೇಳುತ್ತಾನೆ. ‘ಸದ್ಯ, ಗಂಡಾಂತರ ಕಳೆಯಿತು’ ಎಂದು ಮನೆಯವರು ಬಿಡುಗಡೆ ಮಾಡಿಸಿಕೊಂಡು ಹೊರಡುತ್ತಾರೆ. ಯಕೃತ್ತು ಕೆಟ್ಟಿರುವುದು ತಿಳಿಯುವುದು ಆ ನಂತರ. ಹೀಗೆ ಬೇಗ ಮನೆಗೆ ಹೋಗಿ ತಡವಾಗಿ ಮರಳಿ ಬರುವವರನ್ನು ಉಳಿಸುವುದು ಬಹಳ ಕಷ್ಟ. ಖಾಲಿ ಕೊಳವೆಯೊಂದನ್ನು ಜೇಬಿನಲ್ಲಿ ಹಾಕಿಕೊಂಡು ಬಂದಿದ್ದರೆ ವೈದ್ಯರು ಮೊದಲ ದಿನವೇ ಎಚ್ಚರಗೊಳ್ಳುತ್ತಿದ್ದರು.

ಹಾಗಾದರೆ ವೈದ್ಯರಿಗೆ ಎಲ್ಲ ವಿಷಗಳೂ ತಿಳಿದಿರಬೇಡವೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಮಾರುಕಟ್ಟೆಯಲ್ಲಿರುವ ಬಣ್ಣ, ಮಾರ್ಜಕ, ಔಷಧ, ಕೀಟನಾಶಕ, ಸೌಂದರ್ಯ ಸಾಧನಗಳನ್ನು ಲೆಕ್ಕ ಹಾಕಿದರೆ ಸಾವಿರಾರು ಆಗುತ್ತವೆ. ಒಂದೇ ಹೆಸರಿನ ಶೌಚಾಲಯ ದ್ರಾವಣದ ಎರಡು ಬಗೆಗಳಲ್ಲಿ ಒಂದು ಆಮ್ಲ, ಇನ್ನೊಂದು ಕ್ಷಾರ ಆಗಿರಬಹುದು. ಇಷ್ಟೆಲ್ಲ ಯಾವ ವೈದ್ಯರ ತಲೆಯಲ್ಲೂ ಹಿಡಿಸದು. ಈ ಕೊರತೆಯನ್ನು ತುಂಬುವುದಕ್ಕಾಗಿಯೇ ವಿಷ ಮಾಹಿತಿ ಕೇಂದ್ರಗಳು ಹುಟ್ಟಿದವು.

ಒಂದು ದೂರವಾಣಿ, ಒಂದು ಕಡತ

ವಿಷ ಮಾಹಿತಿ ಕೇಂದ್ರವೆಂದರೆ ದೊಡ್ಡ ಕಟ್ಟಡವೇನಲ್ಲ. ಇಪ್ಪತ್ನಾಲ್ಕು ಗಂಟೆಯೂ ಉತ್ತರಿಸುವ ದೂರವಾಣಿ, ಅದರ ಮುಂದೆ ವಿಷವಿಜ್ಞಾನ ಬಲ್ಲ ವ್ಯಕ್ತಿ, ಅವರ ಕೈಗೆಟಕುವಂತೆ ಸಾವಿರಾರು ವಸ್ತುಗಳ ವಿವರ. ಇಷ್ಟಿದ್ದರೆ ಕೇಂದ್ರ. ಅಮೆರಿಕದ ಷಿಕಾಗೋ ನಗರದ ಒಂದು ಆಸ್ಪತ್ರೆಯಲ್ಲಿ ಲೂಯಿ ಗ್ಡಾಲ್ಮನ್ ಎಂಬ ಔಷಧ ತಜ್ಞರು ಮನೆಬಳಕೆಯ ವಸ್ತುಗಳಲ್ಲಿ ಏನೇನು ಬೆರೆತಿದೆ, ಅದಕ್ಕೆ ಚಿಕಿತ್ಸೆ ಏನು ಎಂಬುದನ್ನು ಚಿಕ್ಕ ಚಿಕ್ಕ ಕಾರ್ಡುಗಳಲ್ಲಿ ಬರೆದಿಡುತ್ತಿದ್ದರು. ಬೇರೆ ಆಸ್ಪತ್ರೆಗಳ ವೈದ್ಯರೂ ಅವರಿಗೆ ಫೋನ್ ಮಾಡಿ ಕೇಳತೊಡಗಿದರು. 1953ರಲ್ಲಿ ಅದೇ ನಗರದಲ್ಲಿ ಡಾ. ಎಡ್ವರ್ಡ್ ಪ್ರೆಸ್ ಅವರ ಮುಂದಾಳತ್ವದಲ್ಲಿ ಅಮೆರಿಕದ ಮೊದಲ ವಿಷ ನಿಯಂತ್ರಣ ಕೇಂದ್ರ ಆರಂಭವಾಯಿತು.

ನಮ್ಮ ದೇಶದಲ್ಲಿ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರ 1995ರಲ್ಲಿ ದೆಹಲಿಯ ಅಖಿಲ ಭಾರತ ವೈದ್ಯ ವಿಜ್ಞಾನ ಸಂಸ್ಥೆಯ ಔಷಧ ವಿಜ್ಞಾನ ವಿಭಾಗದಲ್ಲಿ ಶುರುವಾಯಿತು. ಅದರ ಶುಲ್ಕರಹಿತ ಸಂಖ್ಯೆ 1800 116 117. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ವೈದ್ಯರೇ ಮಾಡಬೇಕೆಂದಿಲ್ಲ, ನೀವೂ ಮಾಡಬಹುದು. ಅಡಿಗೆಮನೆಯ ಬಾಗಿಲ ಹಿಂದೆ ಗ್ಯಾಸಿನ ಅಂಗಡಿಯ ಸಂಖ್ಯೆ ಬರೆದಿಟ್ಟಿರುತ್ತೀರಲ್ಲ, ಅದರ ಪಕ್ಕದಲ್ಲೇ ಇದನ್ನೂ ಬರೆದಿಡಿ.

ಕರೆ ಮಾಡಿದಾಗ ಅವರು ಕೇಳುವುದು ಸರಳ ಪ್ರಶ್ನೆಗಳನ್ನು. ವಯಸ್ಸು ಎಷ್ಟು, ತೂಕ ಅಂದಾಜು ಎಷ್ಟು, ಏನು ಸೇವಿಸಿದ್ದು, ಎಷ್ಟು, ಎಷ್ಟು ಹೊತ್ತಾಯಿತು, ಈಗ ಹೇಗಿದ್ದಾರೆ, ಈಗಾಗಲೇ ನೀವು ಏನಾದರೂ ಕುಡಿಸಿದ್ದೀರಾ. ಆದುದರಿಂದ ಬಾಟಲಿಯನ್ನೋ ಪೊಟ್ಟಣವನ್ನೋ ಕೈಯಲ್ಲಿ ಹಿಡಿದೇ ಫೋನ್ ಮಾಡಿ. ಚೀಟಿಯ ಮೇಲೆ ದೊಡ್ಡಕ್ಷರದಲ್ಲಿರುವ ಹೆಸರಿಗಿಂತ ಕೆಳಗೆ ಸಣ್ಣಕ್ಷರದಲ್ಲಿರುವ ರಾಸಾಯನಿಕದ ಹೆಸರು ಮತ್ತು ಶೇಕಡಾವಾರು ಮುಖ್ಯ. ಮಾತ್ರೆಗಳಾದರೆ ಪಟ್ಟಿಯಲ್ಲಿ ಎಷ್ಟು ಖಾಲಿಯಾಗಿವೆ ಎಂದು ಎಣಿಸಿ. ಹಿಂದಿ, ಇಂಗ್ಲಿಷ್ ಬಾರದವರು ಬಲ್ಲವರೊಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳುವುದು ಒಳ್ಳೆಯದು.

ಒಂದು ಮಾತು ನೆನಪಿಡಿ. ರೋಗಿಗೆ ಪ್ರಜ್ಞೆ ತಪ್ಪಿದ್ದರೆ, ಫಿಟ್ಸ್ ಬಂದಿದ್ದರೆ, ಉಸಿರಾಟ ಕಷ್ಟವಾಗಿದ್ದರೆ ಮೊದಲು 108ಕ್ಕೆ ಕರೆ ಮಾಡಿ, ಆಸ್ಪತ್ರೆಗೆ ಹೊರಡಿ. ಕೀಟನಾಶಕ ಕುಡಿದವರನ್ನೂ ಲಕ್ಷಣಗಳಿಗೆ ಕಾಯದೆ ಕರೆದೊಯ್ಯಬೇಕು. ವಿಷ ಕೇಂದ್ರದೊಡನೆ ಮಾತನಾಡುವುದು ದಾರಿಯಲ್ಲೂ ಆಗುತ್ತದೆ.

ಗಂಟಲಿಗೆ ಬೆರಳು ಹಾಕಬೇಡಿ

ಹೊಟ್ಟೆಗೆ ಹೋದ ವಿಷವನ್ನು ಹೇಗಾದರೂ ಹೊರಗೆ ತೆಗೆಯಬೇಕು ಎಂಬುದು ಸಹಜವಾದ ಆತುರ. ಆ ಆತುರದಲ್ಲಿ ನಮ್ಮ ಮನೆಗಳಲ್ಲಿ ನಡೆಯುವುದೇನು? ಗಂಟಲಿಗೆ ಬೆರಳು ಹಾಕುತ್ತಾರೆ. ಉಪ್ಪುನೀರು, ಸೋಪಿನ ನೀರು, ಹುಣಸೆ ನೀರು ಕುಡಿಸುತ್ತಾರೆ. ಕೆಲವೆಡೆ ಸಗಣಿ ನೀರು, ಮಲ ಕದಡಿದ ನೀರು ಕುಡಿಸುವುದೂ ಉಂಟು. ವಿಷದಿಂದ ಸಾಯದವರು ಈ ಉಪಚಾರದಿಂದ ಸಾಯಬಹುದು. ಇದು ಉತ್ಪ್ರೇಕ್ಷೆಯಲ್ಲ.

ಸೀಮೆಎಣ್ಣೆಯನ್ನು ನೋಡಿ. ಮಗು ಒಂದು ಗುಟುಕು ಕುಡಿದಿದೆ. ಹೊಟ್ಟೆಯಲ್ಲಿದ್ದರೆ ಅದು ಮಾಡುವ ಕೇಡು ಅಷ್ಟೇನೂ ಇಲ್ಲ. ವಾಂತಿ ಮಾಡಿಸಿದಾಗ ಅದು ಮೇಲೆ ಬಂದು, ತೆಳುವಾದ ದ್ರವವಾದ್ದರಿಂದ ಸುಲಭವಾಗಿ ಶ್ವಾಸನಾಳಕ್ಕೆ ಇಳಿಯುತ್ತದೆ. ಅಲ್ಲಿಂದ ಶ್ವಾಸಕೋಶದ ಉರಿಯೂತ. ಈಗ ಸೀಮೆಎಣ್ಣೆ ಮನೆಗಳಲ್ಲಿ ಕಡಿಮೆಯಾಗಿದೆ, ನಿಜ. ಆದರೆ ಪೇಂಟಿಗೆ ಬೆರೆಸುವ ಥಿನ್ನರ್, ಟರ್ಪೆಂಟೈನ್, ಬೈಕಿನಿಂದ ತೆಗೆದಿಟ್ಟ ಪೆಟ್ರೋಲು ಇವೆಲ್ಲ ಅದೇ ಜಾತಿಯವು. ಶೌಚಾಲಯ ತೊಳೆಯುವ ಆಮ್ಲವಾದರೆ ಇಳಿಯುವಾಗ ಅನ್ನನಾಳವನ್ನು ಒಂದು ಸಲ ಸುಟ್ಟಿರುತ್ತದೆ. ವಾಂತಿ ಮಾಡಿಸಿದರೆ ಏರುವಾಗ ಇನ್ನೊಂದು ಸಲ ಸುಡುತ್ತದೆ. ಅರೆ ಎಚ್ಚರದಲ್ಲಿರುವವರ ಬಾಯಿಗೆ ಏನು ಸುರಿದರೂ ಅದು ಹೊಟ್ಟೆಗಿಂತ ಮೊದಲು ಶ್ವಾಸಕೋಶ ಸೇರುತ್ತದೆ. ಉಪ್ಪುನೀರನ್ನು ಗಟ್ಟಿಯಾಗಿ ಕಲಸಿ ಮಕ್ಕಳಿಗೆ ಕುಡಿಸಿದರೆ ರಕ್ತದಲ್ಲಿ ಸೋಡಿಯಂ ಏರಿ ಮೆದುಳಿಗೆ ಪೆಟ್ಟು ಬೀಳುತ್ತದೆ.

ವಾಂತಿ ಮಾಡಿಸುವುದು ಹಿಂದೆ ವೈದ್ಯರೇ ಒಪ್ಪಿದ್ದ ಕ್ರಮ. ಅಮೆರಿಕದಲ್ಲಿ ವಾಂತಿಕಾರಕ ಐಪೆಕ್ಯಾಕ್ ಸಿರಪ್ಪನ್ನು ಮಕ್ಕಳಿರುವ ಮನೆಗಳಲ್ಲಿ ಇಟ್ಟುಕೊಳ್ಳಲು ಹೇಳುತ್ತಿದ್ದರು. ಅದರಿಂದ ರೋಗಿಗೆ ಉಪಯೋಗವಾಗುತ್ತದೆ ಎಂಬುದಕ್ಕೆ ಆಧಾರ ಸಿಗದೆ, 2003ರಲ್ಲಿ ಅಲ್ಲಿನ ಮಕ್ಕಳ ವೈದ್ಯರ ಸಂಘವೇ ಅದನ್ನು ಮನೆಯಲ್ಲಿ ಬಳಸಬಾರದು ಎಂದು ಹೇಳಿತು. ಆಸ್ಪತ್ರೆಯಲ್ಲಿ ಕೊಡುವ ಇದ್ದಿಲ ಪುಡಿಯ ಬಗ್ಗೆ ಕೇಳಿ ಕೆಲವರು ಒಲೆಯ ಇದ್ದಿಲನ್ನು ಅರೆದು ಕುಡಿಸುತ್ತಾರೆ. ಅದು ಬೇರೆ, ಇದು ಬೇರೆ.

ನೀವು ಮಾಡಬಹುದಾದದ್ದು ಇಷ್ಟೇ. ಬಾಯಲ್ಲಿ ಉಳಿದಿದ್ದನ್ನು ಬಟ್ಟೆಯಿಂದ ಒರೆಸಿ ತೆಗೆಯಿರಿ. ಮೈಮೇಲೆ ಕೀಟನಾಶಕ ಚೆಲ್ಲಿದ್ದರೆ ಬಟ್ಟೆ ಬಿಚ್ಚಿಸಿ ಸೋಪು ನೀರಿನಿಂದ ತೊಳೆಯಿರಿ. ತೊಳೆಯುವವರು ಕೈಗೆ ಗ್ಲೌಸ್, ಇಲ್ಲದಿದ್ದರೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಳ್ಳಲಿ, ಏಕೆಂದರೆ ಇದು ಚರ್ಮದ ಮೂಲಕವೂ ಒಳಸೇರುತ್ತದೆ. ಕಣ್ಣಿಗೆ ಬಿದ್ದಿದ್ದರೆ ಹದಿನೈದರಿಂದ ಇಪ್ಪತ್ತು ನಿಮಿಷ ಹರಿಯುವ ನೀರು ಹಾಯಿಸಿ. ತಾನಾಗಿಯೇ ವಾಂತಿ ಆಗುತ್ತಿದ್ದರೆ ಎಡಮಗ್ಗುಲಿಗೆ ಮಲಗಿಸಿ. ಹಾಲು, ಮಜ್ಜಿಗೆ, ನಿಂಬೆರಸ ಯಾವುದನ್ನೂ ಕೇಳದೆ ಕುಡಿಸಬೇಡಿ.

ಭಯಪಡಬೇಕಾದದ್ದು, ಪಡಬೇಕಿಲ್ಲದ್ದು

ಮಕ್ಕಳು ಬಾಯಿಗೆ ಹಾಕಿಕೊಂಡಿದ್ದೆಲ್ಲ ಪ್ರಾಣಕ್ಕೆ ಎರವಾಗುವುದಿಲ್ಲ. ಹೊಸ ಚಪ್ಪಲಿಯ ಡಬ್ಬಿಯಲ್ಲಿ ಬರುವ ಸಿಲಿಕಾ ಹರಳಿನ ಪೊಟ್ಟಣ, ಬಳಪ, ಒಂದು ಚೂರು ಮೇಣದ ಬಣ್ಣ ಇವುಗಳಿಂದ ಸಾಮಾನ್ಯವಾಗಿ ಏನೂ ಆಗದು. ಒಡೆದ ಜ್ವರಮಾಪಕದ ಪಾದರಸ ನುಂಗಿದರೆ ತಾಯಂದಿರು ಕಂಗಾಲಾಗುತ್ತಾರೆ. ಆ ಪಾದರಸ ಕರುಳಿನಿಂದ ಹೀರಿಕೆಯಾಗುವುದು ಬಹಳ ಕಡಿಮೆ. ನೆಲದಲ್ಲಿ ಉಳಿದು ಆವಿಯಾಗುವ ಪಾದರಸದ ಬಗ್ಗೆಯೇ ಹೆಚ್ಚು ಎಚ್ಚರ ಬೇಕು. ಇಂಥಲ್ಲಿ ಮಗುವನ್ನು ಎಳೆದುಕೊಂಡು ಹೋಗಿ ಮೂಗಿನ ಕೊಳವೆ ಹಾಕಿಸಿ ಹೊಟ್ಟೆ ತೊಳೆಸುವುದು ಅನಗತ್ಯವಾದ ಹಿಂಸೆ. ಅಮೆರಿಕದ ಕೇಂದ್ರಗಳಿಗೆ ಬರುವ ಪ್ರಕರಣಗಳಲ್ಲಿ ಸುಮಾರು ಮೂರನೇ ಎರಡು ಭಾಗ ಆಸ್ಪತ್ರೆಗೆ ಹೋಗದೆ ಫೋನಿನ ಸಲಹೆಯಲ್ಲೇ ಮುಗಿಯುತ್ತವೆ. ಬಸ್ಸಿನ ದುಡ್ಡು, ಒಂದು ದಿನದ ಕೂಲಿ, ಆಸ್ಪತ್ರೆಯ ಒಂದು ಹಾಸಿಗೆ ಎಲ್ಲವೂ ಉಳಿದಂತಾಯಿತು.

ಇನ್ನೊಂದು ಮಗ್ಗುಲೂ ಇದೆ. ದೇವರ ಮನೆಯ ಕರ್ಪೂರವನ್ನು ಯಾರೂ ವಿಷವೆಂದು ಎಣಿಸುವುದಿಲ್ಲ. ಸಣ್ಣ ಮಕ್ಕಳು ನುಂಗಿದರೆ ಕೆಲವೇ ನಿಮಿಷಗಳಲ್ಲಿ ಫಿಟ್ಸ್ ಬರಬಹುದು. ಬೇವಿನೆಣ್ಣೆಯನ್ನು ಜಂತುಹುಳುವಿಗೆಂದು ಹಸುಳೆಗಳಿಗೆ ಕುಡಿಸಿ ಮೆದುಳಿಗೆ ತೊಂದರೆಯಾದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಬಸುರಿ ಹೆಂಗಸರಿಗೆ ಕೊಡುವ ಕಬ್ಬಿಣಾಂಶದ ಮಾತ್ರೆ ಇನ್ನೂ ಹೆಚ್ಚು ಗಮನಿಸಬೇಕಾದ್ದು. ಸಕ್ಕರೆ ಲೇಪದ ಕೆಂಪು ಗುಳಿಗೆ ಮೊದಲ ಮಗುವಿಗೆ ಮಿಠಾಯಿಯಂತೆ ಕಾಣುತ್ತದೆ. ನುಂಗಿದ ಕೆಲವು ಗಂಟೆ ವಾಂತಿ ಭೇದಿ, ಆಮೇಲೆ ಸುಧಾರಿಸಿದಂತೆ ಕಂಡು, ಮತ್ತೆ ಹದಗೆಡುತ್ತದೆ. ಇದಕ್ಕೆ ಪ್ರತಿವಿಷವಿದೆ, ಬೇಗ ಹೋಗಬೇಕು ಅಷ್ಟೆ. ಆಟದ ಸಾಮಾನಿನ ಗುಂಡಿಯಂಥ ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೆ ಅಲ್ಲಿನ ಗೋಡೆ ಸುಡತೊಡಗುತ್ತದೆ. ಬೇಲಿಯ ಗುಲಗಂಜಿ ಗಟ್ಟಿ ಸಿಪ್ಪೆಯದು. ಇಡಿಯಾಗಿ ನುಂಗಿದ್ದು ಹಾಗೆಯೇ ಹೊರಹೋಗಬಹುದು, ಅಗಿದಿದ್ದರೆ ಅಪಾಯ. ಮಗು ನುಂಗಿತೋ ಅಗಿಯಿತೋ ಎಂದು ಕೇಂದ್ರದವರು ಕೇಳುವುದು ಸುಮ್ಮನೆ ಅಲ್ಲ.

ಕರೆಗಳ ಲೆಕ್ಕದಿಂದ ಕಾನೂನಿನವರೆಗೆ

ಇಲ್ಲಿಯವರೆಗೆ ಹೇಳಿದ್ದು ಒಬ್ಬ ರೋಗಿಯ ವಿಷಯ. ಸಾರ್ವಜನಿಕ ಆರೋಗ್ಯದ ದೃಷ್ಟಿಯಿಂದ ಕೇಂದ್ರದ ಎರಡನೆಯ ಕೆಲಸ ಇನ್ನೂ ದೊಡ್ಡದೆಂದು ನನಗನ್ನಿಸುತ್ತದೆ. ಪ್ರತಿಯೊಂದು ಕರೆಯನ್ನೂ ಅಲ್ಲಿ ಬರೆದಿಡುತ್ತಾರೆ. ಒಂದೇ ವಸ್ತುವಿನ ಹೆಸರು ಮತ್ತೆ ಮತ್ತೆ ಬಂದಾಗ ಅದು ಎಚ್ಚರಿಕೆಯ ಗಂಟೆ.

ಕೆನಡಾದ ವಿಂಡ್ಸರ್ ಪಟ್ಟಣದ ಉದಾಹರಣೆ ಕೇಳಿ. ಅಲ್ಲಿನ ಮಕ್ಕಳ ವೈದ್ಯ ಡಾ. ಆನ್ರಿ ಬ್ರೋ 1957ರಲ್ಲಿ ವಿಷ ನಿಯಂತ್ರಣ ಕೇಂದ್ರದ ಹೊಣೆ ಹೊತ್ತರು. ಮಾತ್ರೆ ನುಂಗಿದ ಪುಟ್ಟ ಮಕ್ಕಳು ಒಂದೇ ಸಮನೆ ಬರುತ್ತಿದ್ದರು. ತಾಯಂದಿರಿಗೆ ಬುದ್ಧಿ ಹೇಳಿದ್ದರಿಂದ ಸಂಖ್ಯೆ ಇಳಿಯಲಿಲ್ಲ. ಕೊನೆಗೆ ಮಕ್ಕಳಿಗೆ ತೆರೆಯಲಾಗದ ಮುಚ್ಚಳವನ್ನೇ ಮಾಡಿಸಬೇಕೆಂದು ಹೊರಟರು. ಅಂಗೈಯಿಂದ ಒತ್ತಿ ತಿರುಗಿಸಬೇಕಾದ ಮುಚ್ಚಳ 1967ರಲ್ಲಿ ಸಿದ್ಧವಾಯಿತು. ಆ ಪ್ರದೇಶದಲ್ಲಿ ಮಕ್ಕಳ ವಿಷಪ್ರಾಶನ ಶೇ. 91ರಷ್ಟು ಇಳಿಯಿತು. ಇಂದು ಕೆಲವು ಸಿರಪ್ ಬಾಟಲಿಗಳನ್ನು ತೆರೆಯಲು ನೀವು ಪರದಾಡುತ್ತೀರಲ್ಲ, ಅದರ ಹಿಂದೆ ಒಂದು ವಿಷ ಕೇಂದ್ರದ ದಾಖಲೆ ಪುಸ್ತಕವಿದೆ.

ನೆರೆಯ ಶ್ರೀಲಂಕಾದಲ್ಲಿ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರ 1988ರಲ್ಲಿ ಕೊಲಂಬೊದಲ್ಲಿ ಆರಂಭವಾಯಿತು. ಯಾವ ಕೀಟನಾಶಕದಿಂದ ಹೆಚ್ಚು ಜನ ಸಾಯುತ್ತಿದ್ದಾರೆ ಎಂಬ ಲೆಕ್ಕ ಆ ದೇಶಕ್ಕೆ ಮುಖ್ಯವಾಯಿತು. 1995ರಲ್ಲಿ ಮಾನೊಕ್ರೊಟೊಫಾಸ್ ಮತ್ತು ಮೆಥಮಿಡೊಫಾಸ್, 1998ರಲ್ಲಿ ಎಂಡೋಸಲ್ಫಾನ್, 2008ರಿಂದ 2011ರೊಳಗೆ ಪ್ಯಾರಾಕ್ವಾಟ್, ಡೈಮಿಥೋಯೇಟ್, ಫೆಂಥಿಯಾನ್ ನಿಂತುಹೋದವು. 1995ರಿಂದ 2015ರ ಒಳಗೆ ಅಲ್ಲಿ ಆತ್ಮಹತ್ಯೆಯ ಪ್ರಮಾಣ ಸುಮಾರು ಶೇ. 70ರಷ್ಟು ಕುಸಿಯಿತು. ಭತ್ತದ ಇಳುವರಿ ಕುಸಿಯಲಿಲ್ಲ.

ಅದೇ ಮಾನೊಕ್ರೊಟೊಫಾಸ್ ನಮ್ಮಲ್ಲಿ ಏನು ಮಾಡಿತು? ತರಕಾರಿಗೆ ಹೊಡೆಯುವುದನ್ನು 2005ರಲ್ಲೇ ನಿಷೇಧಿಸಿದ್ದರೂ ಅದು ಅಂಗಡಿಯಲ್ಲಿ ಉಳಿದಿತ್ತು. 2013ರ ಜುಲೈನಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಮಧ್ಯಾಹ್ನದ ಊಟ ಮಾಡಿದ 23 ಮಕ್ಕಳು ಸತ್ತರು. ಅಡಿಗೆಯ ಎಣ್ಣೆಯಲ್ಲಿ ಇದು ಬೆರೆತಿತ್ತು. 2018ರ ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆಯ ಸುಳವಾಡಿಯ ಮಾರಮ್ಮನ ಗುಡಿಯಲ್ಲಿ ಪ್ರಸಾದ ಉಂಡ ನೂರಕ್ಕೂ ಹೆಚ್ಚು ಮಂದಿ ಅಸ್ವಸ್ಥರಾಗಿ, 17 ಜನ ಪ್ರಾಣ ಬಿಟ್ಟರು. ಪರೀಕ್ಷೆಯಲ್ಲಿ ಕಂಡದ್ದು ಮತ್ತೆ ಮಾನೊಕ್ರೊಟೊಫಾಸ್. ಅಂದು ಹಳ್ಳಿಯ ಆಸ್ಪತ್ರೆಗಳಿಂದ ಮೈಸೂರಿನವರೆಗೆ ರೋಗಿಗಳನ್ನು ಹಂಚಿ ಸಾಗಿಸಬೇಕಾಯಿತು. ಇಂಥ ಹೊತ್ತಿನಲ್ಲಿ ಮೊದಲ ರೋಗಿಯ ಲಕ್ಷಣ ಕೇಳಿಯೇ ‘ಇದು ಇಂಥ ಗುಂಪಿನ ವಿಷ, ಅಟ್ರೋಪಿನ್ ಸಿದ್ಧಮಾಡಿ, ಉಸಿರಾಟದ ಯಂತ್ರ ಎಲ್ಲಿ ಖಾಲಿಯಿದೆ ನೋಡಿ’ ಎಂದು ಎಲ್ಲ ಆಸ್ಪತ್ರೆಗಳಿಗೂ ಒಂದೇ ಕಡೆಯಿಂದ ಹೇಳಬಲ್ಲ ಕೇಂದ್ರದ ಬೆಲೆ ತಿಳಿಯುತ್ತದೆ. 2023ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಇದರ ಶೇ. 36ರ ದ್ರಾವಣವನ್ನು ನಿಷೇಧಿಸುವ ಆಜ್ಞೆ ಹೊರಡಿಸಿತು. ಶ್ರೀಲಂಕಾಕ್ಕಿಂತ ಇಪ್ಪತ್ತೆಂಟು ವರ್ಷ ತಡವಾಗಿ.

ತಡವಾಗಲು ಒಂದು ಕಾರಣ ನಮ್ಮಲ್ಲಿ ಲೆಕ್ಕವೇ ಸರಿಯಾಗಿಲ್ಲದಿರುವುದು. ದೆಹಲಿಯ ಕೇಂದ್ರಕ್ಕೆ 1999ರಿಂದ 2002ರವರೆಗಿನ ಮೂರು ವರ್ಷಗಳಲ್ಲಿ ಬಂದ ಕರೆಗಳು ಸುಮಾರು 2,700. ದಿನಕ್ಕೆ ಮೂರೂ ಆಗುವುದಿಲ್ಲ. ನೂರು ಕೋಟಿ ಜನರಿಗೆ ದಿನಕ್ಕೆ ಮೂರು ಕರೆ! ಅವುಗಳಲ್ಲಿ ಶೇ. 44ರಷ್ಟು ಮನೆಬಳಕೆಯ ವಸ್ತುಗಳ ಬಗ್ಗೆ. ಹೊಲದ ಕೀಟನಾಶಕದ ಪಾಲು ಅದಕ್ಕಿಂತ ಬಹಳ ಕಡಿಮೆ. ಹಳ್ಳಿಯಲ್ಲಿ ವಿಷ ಕಡಿಮೆಯಿತ್ತು ಎಂದು ಇದರ ಅರ್ಥವಲ್ಲ, ಹಳ್ಳಿಗೆ ಆ ದೂರವಾಣಿಯ ಸಂಖ್ಯೆ ತಲುಪಿರಲಿಲ್ಲ. ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಸಾಲಿಗೆ ಸೇರಿಸಿತು. ಒಳ್ಳೆಯ ಹೆಜ್ಜೆ. ವಿಷಪ್ರಾಶನಕ್ಕೂ ಅಂಥ ಎಣಿಕೆ, ಜಿಲ್ಲೆಯ ಆಸ್ಪತ್ರೆಗಳೊಡನೆ ಕನ್ನಡದಲ್ಲಿ ಮಾತನಾಡುವ ಕೇಂದ್ರ ಎರಡೂ ಬೇಕು.

ಮುಚ್ಚಿಡಬೇಡಿ

ಬೇಕೆಂದೇ ವಿಷ ಸೇವಿಸಿದ ಪ್ರಕರಣಗಳಲ್ಲಿ ‘ಏನು ಕುಡಿದಿದ್ದಾರೆ?’ ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಸಿಗದಿರಲು ಇನ್ನೊಂದು ಕಾರಣ ಹೆದರಿಕೆ. ಪೊಲೀಸ್ ಕೇಸಾದೀತು, ಮಾನ ಹೋದೀತು, ಹುಡುಗಿಯ ಮದುವೆ ನಿಂತೀತು ಎಂದು ಮನೆಯವರು ‘ಕೆಮ್ಮಿನ ಔಷಧಿ ಎಂದು ತಿಳಿದು ಕುಡಿದಳು’ ಎನ್ನುತ್ತಾರೆ. ಬಾಟಲಿಯನ್ನು ಬಾವಿಗೆ ಎಸೆದು ಬರುತ್ತಾರೆ. ಬೆಳಗ್ಗೆ ಆಗಿದ್ದನ್ನು ‘ಈಗ ತಾನೇ’ ಎನ್ನುತ್ತಾರೆ. ವೈದ್ಯರು ಈ ಮಾತನ್ನು ನಂಬಿ ಚಿಕಿತ್ಸೆ ನಡೆಸಿದರೆ ನಷ್ಟ ರೋಗಿಗೆ. ಕಾನೂನು ಈಗ ಮೊದಲಿನಂತಿಲ್ಲ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಪರಿಗಣಿಸುತ್ತದೆ, ಶಿಕ್ಷಿಸುವುದಿಲ್ಲ. 2024ರ ಜುಲೈನಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309ನೇ ಕಲಮೂ ಇಲ್ಲ. ಚೇತರಿಸಿಕೊಂಡ ಮೇಲೆ ಬೈಯದೆ, ಮನೋವೈದ್ಯರ ಬಳಿ ಕರೆದೊಯ್ಯಿರಿ. ಮನಸ್ಸು ಕುಸಿದಾಗ ಮಾತನಾಡಲು ಟೆಲಿ ಮಾನಸ್ ಸಂಖ್ಯೆ 14416 ಇದೆ. ಅಲ್ಲಿ ಕನ್ನಡದಲ್ಲೂ ಮಾತನಾಡುತ್ತಾರೆ.

ಮನೆಯಲ್ಲಿ ಉಳಿದ ಕೀಟನಾಶಕವನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿ, ಅದರದೇ ಬಾಟಲಿಯಲ್ಲಿ, ಚೀಟಿ ಕೀಳದೆ ಇಡಿ. ತಂಪು ಪಾನೀಯದ ಸೀಸೆಗೆ ಸುರಿದಿಡುವ ಅಭ್ಯಾಸವನ್ನು ಇಂದೇ ಬಿಡಿ. ಆಸ್ಪತ್ರೆಗೆ ಹೊರಡುವ ಪ್ರಸಂಗ ಬಂದರೆ ಖಾಲಿಯಾಗಿರಲಿ, ಒಡೆದಿರಲಿ, ಆ ಬಾಟಲಿಯನ್ನು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಜೊತೆಗೆ ತನ್ನಿ. ಏನೂ ಸಿಗದಿದ್ದರೆ ವಾಂತಿಯಾದ ಬಟ್ಟೆಯನ್ನಾದರೂ ತನ್ನಿ. ಎಷ್ಟು ಗಂಟೆಗೆ ಆಯಿತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ, ಗಾಬರಿಯಲ್ಲಿ ಮರೆತುಹೋಗುತ್ತದೆ.